ತಳಹಾಸು: ಗೋಸುಂಬೆಯ ಗೂಡಿನಲ್ಲಿ ಈ ಪದದ ಅರ್ಥ

ಸರೀಸೃಪಗಳನ್ನು ಸಾಕುವವರು ಗೂಡಿನ ತಳದಲ್ಲಿ ಹರಡುವ ಮಣ್ಣು, ಮರಳು, ತೊಗಟೆ, ಕಾಗದ ಮೊದಲಾದ ಯಾವುದೇ ವಸ್ತುವನ್ನು ‘ಸಬ್‌ಸ್ಟ್ರೇಟ್’ ಎಂದು ಕರೆಯುತ್ತಾರೆ. ಲ್ಯಾಟಿನ್ ಮೂಲದಲ್ಲಿ ಇದಕ್ಕೆ ‘ಕೆಳಗೆ ಹಾಸಿದ್ದು’ ಎಂದೇ ಅರ್ಥವಿರುವುದರಿಂದ ಕನ್ನಡದ ‘ತಳಹಾಸು’ ಸರಿಯಾಗಿ ಒಪ್ಪುತ್ತದೆ. ಜೀವರಸಾಯನಶಾಸ್ತ್ರದಲ್ಲಿ ಕಿಣ್ವವು ವರ್ತಿಸುವ ವಸ್ತುವಿಗೂ ಇದೇ ಹೆಸರಿದೆ. ಅದು ಬೇರೆಯ ವಿಷಯ.

ಹಾಸು ಎಂದೊಡನೆ ಹಾಸಿಗೆ ನೆನಪಾಗುತ್ತದೆ, ಗೋಸುಂಬೆಯ ಮಟ್ಟಿಗೆ ಆ ನೆನಪೇ ದಾರಿ ತಪ್ಪಿಸುತ್ತದೆ. ಎರಡು ಮತ್ತು ಮೂರು ಬೆರಳುಗಳು ಒಟ್ಟುಗೂಡಿ ಇಕ್ಕಳದಂತಾಗಿರುವ ಅದರ ಪಾದಗಳು ಕೊಂಬೆ ಹಿಡಿಯಲೆಂದೇ ರೂಪುಗೊಂಡಿವೆ; ಹಗಲಿನ ಓಡಾಟವೂ ರಾತ್ರಿಯ ನಿದ್ದೆಯೂ ಕೊಂಬೆಯ ಮೇಲೆಯೇ. ನೆಲಕ್ಕೂ ಅದಕ್ಕೂ ಮುಖ್ಯ ಸಂಬಂಧ ಬರುವುದು ನಾಲಿಗೆಯಿಂದ. ದೇಹದ ಉದ್ದವನ್ನೂ ಮೀರಿ ಚಿಮ್ಮಬಲ್ಲ ಆ ನಾಲಿಗೆಯ ತುದಿಯಲ್ಲಿ ಮನುಷ್ಯರ ಎಂಜಲಿಗಿಂತ ಸುಮಾರು 400 ಪಟ್ಟು ಗಟ್ಟಿಯಾದ ಅಂಟು ಲೋಳೆಯಿದೆ. ತಳದಲ್ಲಿ ಹರಿದಾಡುವ ಹುಳುವಿಗೆ ಗುರಿಯಿಟ್ಟಾಗ ಹುಳುವಿನೊಡನೆ ಮರಳು, ಜಲ್ಲಿ, ತೊಗಟೆಯ ಚೂರುಗಳೂ ಬಾಯಿಗೆ ಸೇರುತ್ತವೆ. ಮೈಯಲ್ಲಿ ನೀರಿನಂಶ ಕಡಿಮೆಯಾಗಿ, ಸಾಕಷ್ಟು ಬಿಸಿಯೂ ದೊರೆಯದೆ ಕರುಳಿನ ಚಲನೆ ನಿಧಾನವಾಗಿದ್ದರೆ ಅವು ಅಲ್ಲಿಯೇ ಕಟ್ಟಿಕೊಂಡು ‘ಇಂಪ್ಯಾಕ್ಷನ್’ ಎಂಬ ತಡೆಯುಂಟಾಗುತ್ತದೆ. ಆಹಾರ ಬಿಡುವುದು, ಮಲವಿಸರ್ಜನೆಗೆ ತಿಣುಕುವುದು, ಹೊಟ್ಟೆ ಉಬ್ಬುವುದು ಕಂಡರೆ ಪಶುವೈದ್ಯರ ಬಳಿಗೆ ಒಯ್ಯಲು ತಡಮಾಡಬಾರದು.

ಆದ್ದರಿಂದ ಮೊದಲ ಬಾರಿಗೆ ಸಾಕುವವರಿಗೆ ಬರಿಯ ತಳವೇ ಉತ್ತಮವೆಂದು ನಾನು ದೃಢವಾಗಿ ಹೇಳುತ್ತೇನೆ. ದಿನವೂ ಸಿಂಪಡಿಸುವ ನೀರು ನಿಂತರೆ ಬೂಷ್ಟು ಮತ್ತು ಬ್ಯಾಕ್ಟೀರಿಯಾ ಬೆಳೆಯುವುದರಿಂದ ತಳಕ್ಕೆ ರಂಧ್ರಗಳೂ ಅದರಡಿಯಲ್ಲಿ ನೀರು ಹಿಡಿಯುವ ತಟ್ಟೆಯೂ ಇರಬೇಕು. ಹಾಸಲೇಬೇಕೆಂದರೆ ಅಚ್ಚಿಲ್ಲದ ಕಾಗದ ಸಾಕು. ಒದ್ದೆಯಾದಾಗ ಬದಲಿಸಬಹುದು, ಮಲವನ್ನೂ ಸ್ಪಷ್ಟವಾಗಿ ನೋಡಬಹುದು. ಮಲದೊಡನೆ ಬೀಳುವ ಬಿಳಿಯ ಯೂರೇಟ್ (ಗಟ್ಟಿ ರೂಪದ ಮೂತ್ರ) ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಪ್ರಾಣಿಗೆ ನೀರು ಸಾಲುತ್ತಿಲ್ಲವೆಂದು ತಿಳಿಯಬೇಕು. ದೇವದಾರು ಮತ್ತು ಪೈನ್ ಮರದ ಹೊಟ್ಟು ಬೇಡವೇ ಬೇಡ, ಅವುಗಳ ಸುಗಂಧ ತೈಲಗಳು ಸರೀಸೃಪಗಳಿಗೆ ಹಾನಿಕರ.

ಅನುಭವಿಗಳು ‘ಬಯೋಆ್ಯಕ್ಟಿವ್’ ಎನ್ನುವ ಜೀವಂತ ತಳಹಾಸನ್ನೂ ಕಟ್ಟುತ್ತಾರೆ. ಕೆಳಗೆ ನೀರು ಬಸಿಯಲು ಜೇಡಿಮಣ್ಣಿನ ಉಂಡೆಗಳು, ಅವುಗಳ ಮೇಲೆ ಜಾಲರಿ, ಮಣ್ಣು, ಕೊನೆಗೆ ಒಣ ಎಲೆಗಳ ದಪ್ಪ ಹೊದಿಕೆ; ಕಸವನ್ನು ತಿಂದು ಕರಗಿಸಲು ಸ್ಪ್ರಿಂಗ್‌ಟೇಲ್ ಮತ್ತು ಐಸೊಪಾಡ್‌ಗಳೆಂಬ ಕಿರುಜೀವಿಗಳು. ಇಲ್ಲಿಯೂ ಆಹಾರದ ಹುಳುಗಳನ್ನು ಕೊಂಬೆಗೆ ಕಟ್ಟಿದ ಬಟ್ಟಲಿನಲ್ಲಿಯೇ ಕೊಡುವುದು ಕ್ಷೇಮ.

ಬರಿಯ ತಳದ ಮಾತಿಗೆ ಅಪವಾದಗಳಿವೆ. ಮಡಗಾಸ್ಕರ್‌ನ ಪುಟ್ಟ ಬ್ರೂಕೇಸಿಯಾ ಗೋಸುಂಬೆಗಳು ಹಗಲನ್ನು ತರಗೆಲೆಗಳ ನಡುವೆ ಕಳೆಯುವುದರಿಂದ ಅವುಗಳಿಗೆ ಮಣ್ಣು ಮತ್ತು ಎಲೆಯ ನೆಲವೇ ಬೇಕು. ಮೊಟ್ಟೆಯಿಡುವ ಹೆಣ್ಣಿಗಂತೂ ಅಗೆಯಲು ಮಣ್ಣು ಅನಿವಾರ್ಯ. ಸುರಂಗ ಕುಸಿಯದಷ್ಟು ತೇವವಿರುವ ಮರಳು ಮತ್ತು ಮಣ್ಣಿನ ಮಿಶ್ರಣವನ್ನು ಸುಮಾರು 30 ಸೆಂ.ಮೀ. ಆಳಕ್ಕೆ ತುಂಬಿದ ತೊಟ್ಟಿಯನ್ನು ಗೂಡಿನೊಳಗೆ ಇಡಬೇಕು. ಯೆಮೆನ್ ಮತ್ತು ಸೌದಿ ಅರೇಬಿಯಾ ಮೂಲದ ವೇಲ್ಡ್ ಗೋಸುಂಬೆಯ ಹೆಣ್ಣು ಗಂಡಿನ ಸಂಗವಿಲ್ಲದೆಯೂ ಮೊಟ್ಟೆಯಿಡುತ್ತದೆ, ತಕ್ಕ ಜಾಗ ಸಿಗದಿದ್ದರೆ ಮೊಟ್ಟೆಗಳನ್ನು ಒಳಗೇ ತಡೆಹಿಡಿದು ಸಾಯಲೂಬಹುದು.