ಒತ್ತಿದ್ದು ಬ್ರೇಕೇ, ಓಡಿದ್ದು ಗಾಡಿ

ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ ನಮ್ಮ ಅಕ್ಕನ ಮನೆ. ಅಂಗಳದ ಮೂಲೆಯಲ್ಲಿ ಒಂದು ಮುರಕಲ್ಲಿನ ಕಟ್ಟೆ ಇತ್ತು. ಕಳೆದ ಮಳೆಗಾಲದಲ್ಲಿ ಭಾವನ ಪಿಕಪ್ ಆ ಕಟ್ಟೆಯನ್ನು ಒಡೆದು ಹಟ್ಟಿಯ ಗೋಡೆಗೆ ಗುದ್ದಿ ನಿಂತಿತು. ಬದಿಯಡ್ಕಕ್ಕೆ ಹೋಗಿ ಅಡಿಕೆ ಕೊಟ್ಟು, ಖಾಲಿ ಗಾಡಿಯಲ್ಲಿ ಬಂದಿದ್ದರು. ಎಂದಿನ ಹಾಗೆ ಅಂಗಳದಲ್ಲಿ ರಿವರ್ಸ್ ತೆಗೆಯುತ್ತಿದ್ದರು. ಇಂಜಿನ್ ಒಮ್ಮೆಲೇ ಬೊಬ್ಬೆ ಹೊಡೆಯಿತು, ಗಾಡಿ ಹಿಂದಕ್ಕೆ ಹಾರಿತು. ದನಗಳಿಗೆ ಏನೂ ಆಗಲಿಲ್ಲ. ಭಾವನಿಗೂ ಗಾಯ ಇಲ್ಲ.

ಗ್ಯಾರೇಜಿನವರು ಗಾಡಿಗೆ ಕಂಪ್ಯೂಟರ್ ಹಾಕಿ ನೋಡಿದರು. ಒಂದೇ ಒಂದು ಎರರ್ ಕೋಡ್ ಸಿಗಲಿಲ್ಲ. "ನಿಮ್ಮ ಕಾಲೇ ತಪ್ಪಿರಬೇಕು" ಅಂದುಬಿಟ್ಟರು. ಮೂವತ್ತು ವರ್ಷದಿಂದ ಜೀಪು, ಪಿಕಪ್ ಓಡಿಸಿದವರಿಗೆ ಆ ಮಾತು ಗೋಡೆ ಬಿದ್ದದ್ದಕ್ಕಿಂತ ಜಾಸ್ತಿ ನೋವು ಕೊಟ್ಟಿತು. ಸಂಜೆ ಭಾವ ನನಗೆ ಫೋನ್ ಮಾಡಿ ಹೇಳಿದ್ದು ಒಂದೇ ಮಾತು. "ನಾನು ಒತ್ತಿದ್ದು ಬ್ರೇಕೇ ಭಾವ."

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಇದೇ ಮಾತನ್ನು ಲೋಕದಲ್ಲಿ ಸಾವಿರಾರು ಮಂದಿ ಹೇಳಿದ್ದಾರೆ. ಅವರೆಲ್ಲ ಸುಳ್ಳು ಹೇಳುತ್ತಿದ್ದರು ಅಂತ ನನಗೆ ಅನಿಸುವುದಿಲ್ಲ. ಆದರೆ ಅವರು ಒತ್ತಿದ್ದು ನಿಜಕ್ಕೂ ಬ್ರೇಕನ್ನೇ ಅಂತಲೂ ಇದರಿಂದ ಹೇಳಲಾಗದು. ಇದು ಹೇಗೆ ಸಾಧ್ಯ ಎಂಬುದನ್ನೇ ಮೊದಲು ನೋಡೋಣ.

ಬೇಕೆಂದು ಕೊಡದ ವೇಗ ತಾನಾಗಿ ಬಂತು ಎಂಬ ದೂರು ದೊಡ್ಡ ಸುದ್ದಿಯಾದದ್ದು 1980ರ ದಶಕದಲ್ಲಿ, ಅಮೆರಿಕದಲ್ಲಿ. ಆಗ ಆಡಿ 5000 ಎಂಬ ಕಾರಿನ ಮೇಲೆ ರಾಶಿ ದೂರು ಬಿದ್ದವು. ನಿಂತ ಕಾರನ್ನು ಗೇರಿಗೆ ಹಾಕಿದ ಕೂಡಲೇ ಅದು ಓಡಿತು, ಬ್ರೇಕ್ ಹಿಡಿಯಲಿಲ್ಲ ಎಂಬುದು ಎಲ್ಲರ ಕಥೆ. ಅಲ್ಲಿನ ಸರ್ಕಾರದ ತಜ್ಞರು 1989ರಲ್ಲಿ ವರದಿ ಕೊಟ್ಟರು. ಹೆಚ್ಚಿನ ಪ್ರಕರಣಗಳಲ್ಲಿ ಕಾಲು ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮೇಲೆ ಹೋಗಿದೆ ಎಂದರು. ಬ್ರೇಕ್ ಒತ್ತದೆ, ಗಾಡಿ ನಿಲ್ಲಿಸಿಡುವ 'ಪಾರ್ಕ್' ಸ್ಥಾನದಿಂದ ಗೇರ್ ಬದಲಾಗದಂತೆ ಒಂದು ಬೀಗ ಆಟೋಮ್ಯಾಟಿಕ್ ಕಾರುಗಳಲ್ಲಿ ಬಂತು. ದೂರುಗಳು ಇಳಿದವು.

ಅದೇ 1989ರಲ್ಲಿ ರಿಚರ್ಡ್ ಶ್ಮಿಟ್ ಎಂಬ ವಿಜ್ಞಾನಿ ಕಾಲು ತಪ್ಪುವುದು ಹೇಗೆ ಅಂತ ವಿವರಿಸಿದರು. ನನಗೆ ಇಡೀ ವಿಷಯದಲ್ಲಿ ಅತಿ ಕುತೂಹಲದ ಭಾಗ ಇದು. ಗಾಡಿ ಓಡಿಸುವಾಗ ನಾವು ಕಾಲನ್ನು ನೋಡುವುದಿಲ್ಲ. ಮಿದುಳು 'ಬ್ರೇಕ್' ಅಂತ ಅಪ್ಪಣೆ ಕೊಡುತ್ತದೆ, ಸ್ನಾಯುಗಳು ಅದನ್ನು ನಡೆಸುತ್ತವೆ. ಸ್ನಾಯುಗಳ ಕೆಲಸ ಪ್ರತಿಸಲ ಒಂದೇ ಅಳತೆಗೆ ಬರುವುದಿಲ್ಲ. ಹೆಸರು ಬರೆಯುವಾಗ ಎರಡು ಸಹಿ ಒಂದೇ ಥರ ಬೀಳದ ಹಾಗೆ, ಕಾಲೂ ಒಂದೆರಡು ಇಂಚು ಆಚೀಚೆ ಹೋಗುತ್ತದೆ. ಲಕ್ಷಕ್ಕೆ ಒಂದು ಸಲ ಪಕ್ಕದ ಪೆಡಲ್ ಮೇಲೆ ಬಿದ್ದರೂ ಸಾಕು. ದೇಶದಲ್ಲಿ ದಿನಕ್ಕೆ ಎಷ್ಟು ಸಲ ಬ್ರೇಕ್ ಒತ್ತುತ್ತಾರೆ, ಲೆಕ್ಕ ಹಾಕಿ.

ಇನ್ನು ಮುಖ್ಯ ಸಂಗತಿ. 'ನಾನು ಬ್ರೇಕ್ ಒತ್ತಿದೆ' ಎಂಬ ತಿಳಿವು ನಮಗೆ ಬರುವುದು ಬಹುಪಾಲು ಆ ಅಪ್ಪಣೆಯಿಂದಲೇ. ಕಾಲು ಎಲ್ಲಿ ಇಳಿಯಿತು ಎಂಬುದನ್ನು ಮಿದುಳು ಪ್ರತಿಸಲ ಹೋಗಿ ನೋಡಿ ಬರುವುದಿಲ್ಲ. ಹಾಗಾಗಿ ಗಾಡಿ ಓಡಿದಾಗ ಚಾಲಕನಿಗೆ ಕಾಣುವುದು ಒಂದೇ ಅರ್ಥ: ಬ್ರೇಕ್ ಹಿಡಿಯುತ್ತಿಲ್ಲ. ಹಿಡಿಯದ ಬ್ರೇಕನ್ನು ಯಾರಾದರೂ ಏನು ಮಾಡುತ್ತಾರೆ? ಇನ್ನೂ ಜೋರಾಗಿ ಒತ್ತುತ್ತಾರೆ. ಗಾಡಿ ಇನ್ನೂ ಜೋರಾಗಿ ಓಡುತ್ತದೆ. ಹೆದರಿಕೆಯಲ್ಲಿ ಕಾಲಿನ ಸ್ನಾಯು ಬಿಗಿದುಕೊಳ್ಳುತ್ತದೆ, ಪೆಡಲ್ ಬಿಡಬೇಕು ಅಂತ ಹೊಳೆಯುವುದೇ ಇಲ್ಲ. ಆಮೇಲೆ ಆಣೆ ಹಾಕಿ ಹೇಳುವಾಗ ಅವರು ಪೂರ್ತಿ ಪ್ರಾಮಾಣಿಕರು.

ರಿವರ್ಸ್ ತೆಗೆಯುವಾಗ ಇದು ಇನ್ನೂ ಸುಲಭ. ಒಂದು ಕುರ್ಚಿಯಲ್ಲಿ ಕೂತು, ಬಲಗಾಲನ್ನು ನೆಲದ ಮೇಲೆ ಒಂದು ಗುರುತಿನ ಮೇಲಿಡಿ. ಈಗ ಬಲಕ್ಕೆ ಪೂರ್ತಿ ತಿರುಗಿ, ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ನೋಡುವವರ ಹಾಗೆ ಬಗ್ಗಿ. ಕಾಲನ್ನು ಎತ್ತಿ, ನೋಡದೆ ಅದೇ ಗುರುತಿಗೆ ಇಡಲು ಪ್ರಯತ್ನಿಸಿ. ಸೊಂಟ ತಿರುಗಿದರೆ ಕಾಲೂ ಬಲಕ್ಕೆ ಜಾರಬಹುದು. ನಮ್ಮ ಗಾಡಿಗಳಲ್ಲಿ ಬ್ರೇಕಿನ ಬಲಕ್ಕೆ ಇರುವುದು ಯಾವ ಪೆಡಲ್, ಗೊತ್ತಲ್ವಾ?

ಸಮಯವೂ ಚಾಲಕನ ಕಡೆ ಇರುವುದಿಲ್ಲ. ಗಾಡಿಯ ವೇಗ ಸೆಕೆಂಡಿಗೆ ಸೆಕೆಂಡಿಗೆ 2 ಮೀಟರಿನಂತೆ ಏರುತ್ತಿದೆ ಅಂತಿಟ್ಟುಕೊಳ್ಳಿ. ಮೊದಲ ಸೆಕೆಂಡಿನಲ್ಲಿ ಅದು ಹೋಗುವುದು 1 ಮೀಟರ್. ಎರಡು ಸೆಕೆಂಡಿಗೆ 4. ಮೂರಕ್ಕೆ 9 ಮೀಟರ್, ಆಗಿನ ವೇಗ ಗಂಟೆಗೆ ಸುಮಾರು 22 ಕಿಲೋಮೀಟರ್. ಏನಾಯಿತು ಅಂತ ತಿಳಿಯಲಿಕ್ಕೇ ಒಂದೂವರೆ ಎರಡು ಸೆಕೆಂಡು ಬೇಕು. ಅಕ್ಕನ ಅಂಗಳದಲ್ಲಿ ಹಟ್ಟಿಗೆ ಇದ್ದದ್ದು ಎಂಟು ಮೀಟರ್.

ಇಷ್ಟು ಓದಿದಾಗ ಗ್ಯಾರೇಜಿನವರೇ ಸರಿ ಅನಿಸಬಹುದು. ಆದರೆ 'ಕಾಲು ತಪ್ಪಿದೆ' ಎಂಬ ಉತ್ತರಕ್ಕೆ ಒಂದು ಕೆಟ್ಟ ಗುಣ ಇದೆ. ಅದು ಯಾವ ದೂರಿಗೂ ಹೊಂದುತ್ತದೆ. ಅದನ್ನು ಹೇಳಿದ ಮೇಲೆ ಗಾಡಿಯನ್ನು ಬಗ್ಗಿ ನೋಡುವ ಕೆಲಸ ಯಾರಿಗೂ ಉಳಿಯುವುದಿಲ್ಲ. ಇದರ ದೊಡ್ಡ ಪಾಠ ಸಿಕ್ಕಿದ್ದು ಟೊಯೋಟಾ ಪ್ರಕರಣದಲ್ಲಿ.

ಟೊಯೋಟಾ ಟಕೋಮಾ ಒಂದು ಪಿಕಪ್. ಅಮೆರಿಕದ ಮಾಲೀಕರೊಬ್ಬರು ತಮ್ಮ ಟಕೋಮಾ ತಾನಾಗಿ ವೇಗ ಪಡೆಯಿತು, ತನಿಖೆ ಮಾಡಿ ಅಂತ 2008ರಲ್ಲಿ ರಸ್ತೆ ಸುರಕ್ಷತಾ ಸಂಸ್ಥೆಗೆ ಅರ್ಜಿ ಕೊಟ್ಟರು. ಅದೇ ವರ್ಷ ಸಂಸ್ಥೆ ಅರ್ಜಿಯನ್ನು ತಳ್ಳಿಹಾಕಿತು. 2009ರ ಆಗಸ್ಟಿನಲ್ಲಿ ಸ್ಯಾನ್ ಡಿಯಾಗೋ ಹತ್ತಿರ ಅದೇ ಕಂಪನಿಯ ಲೆಕ್ಸಸ್ ಕಾರು ನಿಲ್ಲದೆ ಓಡಿ ನಾಲ್ವರು ಸತ್ತರು. ಓಡಿಸುತ್ತಿದ್ದವರು ಹೆದ್ದಾರಿ ಪೊಲೀಸ್ ಅಧಿಕಾರಿ. ಕಾಲು ತಪ್ಪಿತು ಅಂತ ಸುಲಭಕ್ಕೆ ಹೇಳಿ ಮುಗಿಸುವ ಹಾಗಿರಲಿಲ್ಲ. ನೋಡಿದರೆ, ಬೇರೆ ಮಾದರಿಯ ಗಾಡಿಗೆ ಮಾಡಿದ ರಬ್ಬರ್ ಮ್ಯಾಟ್ ಆ ಕಾರಿನೊಳಗೆ ಇತ್ತು. ಆಕ್ಸಿಲರೇಟರ್ ಪೆಡಲಿನ ತುದಿ ಮ್ಯಾಟಿನ ಅಂಚಿಗೆ ಸಿಕ್ಕಿ ಕೆಳಗೇ ಉಳಿದಿತ್ತು. ಬಟನ್ ಒತ್ತಿ ಇಂಜಿನ್ ನಿಲ್ಲಿಸೋಣ ಎಂದರೆ, ಓಡುವಾಗ ಅದನ್ನು ಮೂರು ಸೆಕೆಂಡು ಒತ್ತಿ ಹಿಡಿಯಬೇಕಿತ್ತು.

ಮ್ಯಾಟಿನ ದೆಸೆಯಿಂದ ಅಮೆರಿಕವೊಂದರಲ್ಲೇ 38 ಲಕ್ಷದಷ್ಟು ಗಾಡಿಗಳನ್ನು ಕಂಪನಿ ಸರಿಪಡಿಸಲು ಒಪ್ಪಬೇಕಾಯಿತು. ಆ ಪಟ್ಟಿಯಲ್ಲಿ ಟಕೋಮಾ ಕೂಡ ಇತ್ತು. ಅರ್ಜಿ ಕೊಟ್ಟವರ ಗಾಡಿಯಲ್ಲೂ ಮ್ಯಾಟೇ ತೊಂದರೆ ಮಾಡಿತ್ತು ಅಂತ ಇದರಿಂದ ಹೇಳಲಾಗದು. ಆದರೆ ಪೆಡಲಿನ ಸುತ್ತ ಹುಡುಕುವ ಕೆಲಸ ಬಾಕಿ ಇತ್ತು ಎಂಬುದಂತೂ ಸ್ಪಷ್ಟವಾಯಿತು.

2010ರ ಜನವರಿಯಲ್ಲಿ ಇನ್ನೊಂದು ಕಾರಣ ಹೊರಬಂತು. ಟಂಡ್ರಾ ಎಂಬ ದೊಡ್ಡ ಪಿಕಪ್ ಸೇರಿ ಸುಮಾರು 23 ಲಕ್ಷ ಗಾಡಿಗಳ ಪೆಡಲೇ ಅಂಟಿಕೊಳ್ಳುವ ಸಾಧ್ಯತೆ ಇತ್ತು. ಇದರ ಹಿಂದಿನ ಕಥೆ ಚೆನ್ನಾಗಿದೆ. ಹಳೇ ಗಾಡಿಗಳಲ್ಲಿ ಪೆಡಲಿನಿಂದ ಇಂಜಿನ್‌ಗೆ ಕೇಬಲ್ ಇರುತ್ತಿತ್ತು, ಕೇಬಲಿನ ತಿಕ್ಕಾಟ ಕಾಲಿಗೆ ಒಂದು ಹಿಡಿತ ಕೊಡುತ್ತಿತ್ತು. ಎಲೆಕ್ಟ್ರಾನಿಕ್ ಪೆಡಲಿನಲ್ಲಿ ಕೇಬಲ್ ಇಲ್ಲ. ಅದು ತೀರಾ ಹಗುರವಾಗಬಾರದು ಅಂತ ಒಳಗೆ ಪ್ಲಾಸ್ಟಿಕ್ ತುಂಡುಗಳು ಒಂದಕ್ಕೊಂದು ಉಜ್ಜುವಂತೆ ಮಾಡಿದರು. ಅವು ಸವೆದು, ತೇವ ಕೂತರೆ, ಪೆಡಲ್ ನಿಧಾನಕ್ಕೆ ಮೇಲೆ ಬರುತ್ತದೆ, ಇಲ್ಲವೇ ನಡುವೆಯೇ ನಿಲ್ಲುತ್ತದೆ. ಪರಿಹಾರ ಅಂತ ಹಾಕಿದ್ದು ಅಂಚೆ ಚೀಟಿಯಷ್ಟು ಅಗಲದ ಒಂದು ಉಕ್ಕಿನ ತುಂಡು.

ಇಲೆಕ್ಟ್ರಾನಿಕ್ಸನ್ನೂ ಬಿಡಲಿಲ್ಲ. ನಾಸಾದ ಇಂಜಿನಿಯರುಗಳು ಹತ್ತು ತಿಂಗಳು ಕೂತು 2,80,000ಕ್ಕೂ ಹೆಚ್ಚು ಸಾಲುಗಳ ಸಾಫ್ಟ್‌ವೇರ್ ಪರೀಕ್ಷಿಸಿದರು. ದೊಡ್ಡ ವೇಗ ತರುವಂಥ ದೋಷ ಸಿಗಲಿಲ್ಲ ಅಂತ 2011ರ ಫೆಬ್ರವರಿಯಲ್ಲಿ ವರದಿ ಬಂತು. ಸಿಗಲಿಲ್ಲ ಎಂದ ಮಾತ್ರಕ್ಕೆ ಆಗಲಾರದು ಅಂತ ತಿಳಿಯಬೇಡಿ ಎಂದೂ ಅವರೇ ಬರೆದರು. ಆ ಎಚ್ಚರ ನನಗೆ ತುಂಬ ಇಷ್ಟ. ಪೆಡಲಿನ ಸೆನ್ಸರಿನೊಳಗೆ ಅವರಿಗೆ ತವರದ ಮೀಸೆ ಸಿಕ್ಕಿತ್ತು. ಶುದ್ಧ ತವರದ ಲೇಪದಿಂದ ಕೂದಲಿಗಿಂತ ತೆಳ್ಳಗಿನ ಎಳೆಗಳು ತಾವಾಗಿ ಬೆಳೆಯುತ್ತವೆ, ಪಕ್ಕದ ತಂತಿಗೆ ತಾಗಿ ಶಾರ್ಟ್ ಮಾಡಬಲ್ಲವು. 2013ರ ಅಕ್ಟೋಬರಿನಲ್ಲಿ ಒಕ್ಲಹೋಮಾದ ಜ್ಯೂರಿಯೊಂದು 2005ರ ಮಾದರಿಯ ಟೊಯೋಟಾ ಕ್ಯಾಮ್ರಿ ಕಾರಿನ ಅಪಘಾತದಲ್ಲಿ, ಸಾಫ್ಟ್‌ವೇರ್ ತಜ್ಞರ ಸಾಕ್ಷ್ಯ ಕೇಳಿ, ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ದೋಷಗಳ ಬಗ್ಗೆ ಗ್ರಾಹಕರಿಗೆ ತಪ್ಪು ಮಾಹಿತಿ ಕೊಟ್ಟದ್ದಕ್ಕೆ 2014ರಲ್ಲಿ ಕಂಪನಿ ಅಮೆರಿಕ ಸರ್ಕಾರಕ್ಕೆ 120 ಕೋಟಿ ಡಾಲರ್ ಕಟ್ಟಿತು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಆ ಗದ್ದಲದಲ್ಲಿ ಅಪಘಾತವಾದ 58 ಟೊಯೋಟಾ ಗಾಡಿಗಳ ದಾಖಲೆ ಪೆಟ್ಟಿಗೆಗಳನ್ನು ತೆಗೆದು ನೋಡಿದರು. ಅರ್ಧಕ್ಕಿಂತ ಜಾಸ್ತಿ ಗಾಡಿಗಳಲ್ಲಿ ಬ್ರೇಕ್ ಒತ್ತಿದ ಗುರುತೇ ಇರಲಿಲ್ಲ. ಮ್ಯಾಟೂ ನಿಜ, ಪೆಡಲೂ ನಿಜ, ಕಾಲೂ ನಿಜ. ಯಾವ ಅಪಘಾತದಲ್ಲಿ ಯಾವುದು ಎಂಬುದನ್ನು ಒಂದೊಂದಾಗಿ ಬಿಡಿಸಬೇಕು, ಬೇರೆ ದಾರಿ ಇಲ್ಲ.

ಭಾವನ ಗಾಡಿಯನ್ನೂ ಹಾಗೇ ಬಿಡಿಸಲು ಕೂತೆ. ಅದು ಡೀಸೆಲ್, ಬಿಎಸ್‌6, ಕ್ಲಚ್ ಇರುವ ಗಾಡಿ. ಮೊದಲ ಅನುಮಾನ ಡೀಸೆಲ್ ಇಂಜಿನ್ನಿನದೇ ಒಂದು ವಿಚಿತ್ರ ರೋಗ. ಇಂಜಿನ್‌ಗೆ ಗಾಳಿ ತುರುಕುವ ಟರ್ಬೋದ ಸೀಲ್ ಹೋದರೆ ಇಂಜಿನ್ ಆಯಿಲ್ ಗಾಳಿಯ ಜೊತೆ ಒಳಗೆ ನುಗ್ಗುತ್ತದೆ. ಡೀಸೆಲ್ ಇಂಜಿನ್‌ಗೆ ಕಿಡಿ ಬೇಡ, ಒತ್ತಿದ ಗಾಳಿಯ ಬಿಸಿಯೇ ಸಾಕು. ಹಾಗಾಗಿ ಅದು ತನ್ನ ಆಯಿಲನ್ನೇ ಉರಿಸಿಕೊಂಡು ಹುಚ್ಚು ಹಿಡಿದ ಹಾಗೆ ತಿರುಗುತ್ತದೆ. ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ. ಮೇಲಿನ ಗೇರಿಗೆ ಹಾಕಿ, ಬ್ರೇಕ್ ಗಟ್ಟಿ ಒತ್ತಿ, ಕ್ಲಚ್ ಬಿಟ್ಟು ಇಂಜಿನ್ನನ್ನು ಬಂದ್ ಬೀಳಿಸಬೇಕು, ಅಥವಾ ಗಾಳಿಯ ದಾರಿ ಮುಚ್ಚಬೇಕು. ಆದರೆ ಭಾವ ಕೀ ತಿರುಗಿಸಿದ ಕೂಡಲೇ ಇಂಜಿನ್ ನಿಂತಿತ್ತು. ಹೊಗೆಯೂ ಇರಲಿಲ್ಲ. ಇದು ಅಲ್ಲ.

ಸೆನ್ಸರ್? ಎಲೆಕ್ಟ್ರಾನಿಕ್ ಪೆಡಲಿನಲ್ಲಿ ಎರಡು ಸೆನ್ಸರ್ ಇರುತ್ತವೆ. ಎರಡೂ ಬೇರೆ ಬೇರೆ ವೋಲ್ಟೇಜಿನಲ್ಲಿ ಒಂದೇ ಸುದ್ದಿ ಹೇಳಬೇಕು. ಲೆಕ್ಕ ತಾಳೆಯಾಗದಿದ್ದರೆ ಕಂಪ್ಯೂಟರ್ ಕೋಡ್ ಬರೆದಿಟ್ಟು ಇಂಜಿನ್ನಿನ ಶಕ್ತಿ ಕಡಿಮೆ ಮಾಡುತ್ತದೆ. ಕೋಡ್ ಇರಲಿಲ್ಲ. ಪೂರ್ತಿ ಕೈಬಿಡಲಾಗದು, ಆದರೆ ಸಾಧ್ಯತೆ ಕಡಿಮೆ.

ಖಾಲಿ ಗಾಡಿ ಎಂಬುದನ್ನು ನಾನು ಮರೆತಿದ್ದೆ, ಅಕ್ಕ ನೆನಪಿಸಿದಳು. ಖಾಲಿ ಇರುವಾಗ ಇಂಥ ಪಿಕಪ್ಪಿನ ತೂಕ ಒಂದೂಮುಕ್ಕಾಲು ಟನ್ನಿನ ಆಸುಪಾಸು. ಒಂದೂವರೆ ಟನ್ ಹೇರಿದರೆ ಮೂರು ದಾಟುತ್ತದೆ. ಬೆಳಿಗ್ಗೆ ಪೂರ್ತಿ ಲೋಡಿನಲ್ಲಿ ಗುಡ್ಡೆ ಹತ್ತಿಸಿದ ಕಾಲು, ಸಂಜೆ ಅಷ್ಟೇ ರೇಸ್ ಕೊಟ್ಟರೆ ಗಾಡಿ ಹೆಚ್ಚುಕಡಿಮೆ ಎರಡರಷ್ಟು ಜೋರಾಗಿ ಹಾರುತ್ತದೆ. ಅಪಘಾತಕ್ಕೆ ಇದೊಂದೇ ಸಾಲದು, ಗಾಬರಿ ಹುಟ್ಟಲು ಸಾಕು. ಗಾಬರಿಯಲ್ಲಿ ಎಡಗಾಲು ಕ್ಲಚ್ಚಿನಿಂದ ಎದ್ದುಬಿಟ್ಟರೆ ಆಯಿತು.

ಉಳಿದದ್ದು ಮ್ಯಾಟ್. "ಮ್ಯಾಟ್ ಹೇಗಿತ್ತು?" ಅಂತ ಕೇಳಿದೆ. ಮಳೆಗಾಲದ ಕೆಸರಿಗೆ ಅಂತ ಮೊದಲಿದ್ದ ಮ್ಯಾಟಿನ ಮೇಲೆ ಹಳೇ ಜೀಪಿನ ರಬ್ಬರ್ ಮ್ಯಾಟ್ ಹಾಕಿದ್ದರಂತೆ. ನನ್ನ ಎದೆ ಧಸಕ್ ಅಂದಿತು. ಅದು ಪೆಡಲಿಗೆ ಸಿಕ್ಕಿತ್ತೇ? ನೋಡಲು ಹೋದಾಗ ಎರಡೂ ಮ್ಯಾಟುಗಳು ಗಾಡಿಯಲ್ಲಿ ಇರಲಿಲ್ಲ. ಮರುದಿನವೇ ಅಕ್ಕ ತೊಳೆದು ಬಾವಿಕಟ್ಟೆಯ ಮೇಲೆ ಒಣಹಾಕಿದ್ದಳು.

ಆದ್ದರಿಂದ ನಿಮಗೆ ಹೀಗಾದರೆ, ಜನರಿಗೆ ಪೆಟ್ಟಾಗಿಲ್ಲ ಅಂತ ಖಾತ್ರಿಯಾದ ಕೂಡಲೇ ಪೆಡಲುಗಳ ಫೋಟೋ ತೆಗೆಯಿರಿ. ಮ್ಯಾಟ್, ಚಪ್ಪಲಿ, ಉರುಳಿದ ನೀರಿನ ಬಾಟಲಿ, ಯಾವುದನ್ನೂ ಸರಿಸಬೇಡಿ. ಓಡುತ್ತಿರುವಾಗ ಹೀಗಾದರೆ ಕ್ಲಚ್ ಒತ್ತಿ, ಬಲಗಾಲನ್ನು ಒಮ್ಮೆ ಎಲ್ಲ ಪೆಡಲಿನಿಂದ ಎತ್ತಿ, ಆಮೇಲೆ ಬ್ರೇಕನ್ನು ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬಿಟ್ಟು ಬಿಟ್ಟು ಒತ್ತಬೇಡಿ. ಪೆಟ್ರೋಲ್ ಗಾಡಿಯಲ್ಲಿ ಪೂರ್ತಿ ರೇಸ್ ಇರುವಾಗ ಬ್ರೇಕಿಗೆ ಸಹಾಯ ಮಾಡುವ ನಿರ್ವಾತ ಹುಟ್ಟುವುದಿಲ್ಲ, ಕೂಡಿಟ್ಟದ್ದು ಎರಡು ಮೂರು ಒತ್ತಿಗೆ ಖಾಲಿಯಾಗುತ್ತದೆ. ಕೀ ಆಫ್ ಮಾಡಿ, ಆದರೆ ಗಾಡಿ ನಿಲ್ಲುವ ತನಕ ಹೊರಗೆ ಎಳೆಯಬೇಡಿ. ಸ್ಟೇರಿಂಗ್ ಲಾಕ್ ಆದೀತು.

ದೂರನ್ನೂ ಕೊಡಿ. ನಮ್ಮ ದೇಶದ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 110ಎ ಎಂಬ ಸೆಕ್ಷನ್ ಸೇರಿತು. ದೋಷ ಇರುವ ಗಾಡಿಗಳನ್ನು ಕಂಪನಿ ವಾಪಸ್ ಕರೆಯಬೇಕೆಂದು ಸರ್ಕಾರ ಆಜ್ಞೆ ಮಾಡಬಹುದು. 2021ರ ಏಪ್ರಿಲ್ 1ರಿಂದ ನಿಯಮಗಳು ಜಾರಿಯಲ್ಲಿವೆ. ಏಳು ವರ್ಷದೊಳಗಿನ ಗಾಡಿಯ ಮಾಲೀಕರು ವಾಹನ್ ಪೋರ್ಟಲಿನಲ್ಲಿ ದೂರು ಬರೆಯಬಹುದು. ಗಾಡಿ ಕಾಸರಗೋಡಿನ ಕೆಎಲ್ 14 ಆಗಲಿ ಮಂಗಳೂರಿನ ಕೆಎ 19 ಆಗಲಿ, ದಾರಿ ಒಂದೇ. ಒಂದು ದೂರಿನಿಂದ ಏನೂ ತಿಳಿಯದಿರಬಹುದು. ಒಂದೇ ಮಾದರಿಯ ಗಾಡಿಯ ಮೇಲೆ ನೂರು ದೂರು ಬಂದರೆ ನೋಡುವವರು ಬಗ್ಗಿ ನೋಡಲೇಬೇಕಾಗುತ್ತದೆ.

"ಹಾಗಾದರೆ ನನ್ನ ಕಾಲೋ, ಮ್ಯಾಟೋ?" ಎಂದು ಭಾವ ಕೇಳಿದರು. ಗೊತ್ತಿಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಎದ್ದು ಹೋಗಿ ಜೀಪಿನ ಮ್ಯಾಟನ್ನು ಹಟ್ಟಿಯ ಬಾಗಿಲಲ್ಲಿ ಹಾಸಿ ಬಂದರು. ಅದು ಈಗಲೂ ಅಲ್ಲೇ ಇದೆ, ಕಾಲೊರೆಸಲು.