ಪಕ್ಷದ ವಿರುದ್ಧ ಮಾತಾಡಿದರೆ ಶಾಸಕ ಸ್ಥಾನ ಹೋಗುತ್ತಾ?

ಸ್ವಂತ ಪಕ್ಷದ ತಪ್ಪನ್ನು ಬಹಿರಂಗವಾಗಿ ಹೇಳಿದರೆ ಶಾಸಕ ಸ್ಥಾನ ಹೋಗುತ್ತಾ? ಹೋಗುವುದಿಲ್ಲ. ಪಕ್ಷ ಹೊರಹಾಕಿದರೂ ಹೋಗುವುದಿಲ್ಲ. ಚುನಾವಣೆ ಮತ್ತು ಅನರ್ಹತೆಯ ಪ್ರಕರಣ ನಡೆಸುವ ವಕೀಲನಾಗಿ ನನಗೆ ಜಾಸ್ತಿ ಎದುರಾಗುವ ಪ್ರಶ್ನೆ ಇದು. ಎರಡು ಮೂರು ಸಲ ಗೆದ್ದವರೂ ಆತಂಕದಿಂದ ಕೇಳುತ್ತಾರೆ: "ವಕೀಲರೇ, ನೋಟಿಸ್ ಬಂದಿದೆ, ಸೀಟು ಉಳಿಯುತ್ತಾ?"

ನೋಟಿಸ್ ಯಾರಿಂದ ಬಂತು ಎಂದು ನಾನು ಮೊದಲು ನೋಡುತ್ತೇನೆ. ಪಕ್ಷದ ಶಿಸ್ತು ಸಮಿತಿಯಿಂದಲೋ, ಸ್ಪೀಕರ್ ಕಚೇರಿಯಿಂದಲೋ? ಇವೆರಡಕ್ಕೂ ಅಜಗಜಾಂತರ: ಸ್ಥಾನದ ಬಗ್ಗೆ ತೀರ್ಮಾನಿಸುವುದು ಸ್ಪೀಕರ್, ಪಕ್ಷವಲ್ಲ.

ಪಕ್ಷದ ನೋಟಿಸ್ ಸಾಮಾನ್ಯವಾಗಿ ಒಂದೇ ಪುಟ. "ನಿಮ್ಮ ಬಹಿರಂಗ ಹೇಳಿಕೆಯಿಂದ ಪಕ್ಷಕ್ಕೆ ಮುಜುಗರವಾಗಿದೆ, 72 ಗಂಟೆಯೊಳಗೆ ಉತ್ತರಿಸಿ" ಎಂಬ ಧಾಟಿ. ಜೊತೆಗೆ ಪೇಪರ್ ಕಟಿಂಗ್‌ಗಳ ಜೆರಾಕ್ಸ್. ಹೇಳಿದ್ದು ನಿಜವೋ ಸುಳ್ಳೋ ಎಂದು ಆ ಪುಟದಲ್ಲಿ ಯಾರೂ ಕೇಳಿರುವುದಿಲ್ಲ. ನಾಲ್ಕು ಗೋಡೆಯೊಳಗೆ ಹೇಳಬೇಕಾದ್ದನ್ನು ಹೊರಗೆ ಯಾಕೆ ಹೇಳಿದಿರಿ ಅನ್ನುವುದಷ್ಟೇ ತಕರಾರು. ನನಗೆ ಬೇಸರ ತರಿಸುವುದೇ ಇದು. ಜನರ ದುಡ್ಡಿನ ವಿಷಯ, ಮನೆ ಹಂಚಿಕೆಯ ವಿಷಯ, ವರ್ಗಾವಣೆಯ ವಿಷಯ ಇದ್ದರೂ ಚರ್ಚೆ ಮಾತ್ರ ಮುಜುಗರದ ಸುತ್ತ ತಿರುಗುತ್ತದೆ.

ಕಾನೂನು ಏನು ಹೇಳುತ್ತದೆ? 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಪಕ್ಷಾಂತರ ತಡೆಯುವ 10ನೇ ಪರಿಶಿಷ್ಟ ಸೇರಿತು. ಅದರ ಪ್ರಕಾರ ಪಕ್ಷದಿಂದ ಗೆದ್ದ ಶಾಸಕ ಅನರ್ಹ ಆಗುವುದು ಮುಖ್ಯವಾಗಿ ಎರಡು ಕಾರಣಕ್ಕೆ. ಸ್ವಇಚ್ಛೆಯಿಂದ ಪಕ್ಷದ ಸದಸ್ಯತ್ವ ಬಿಟ್ಟುಕೊಟ್ಟರೆ, ಅಥವಾ ಸದನದಲ್ಲಿ ವಿಪ್ (ಹೀಗೇ ಮತ ಹಾಕಿ ಎಂದು ಪಕ್ಷ ಕೊಡುವ ಆದೇಶ) ಮೀರಿ ಮತ ಹಾಕಿದರೆ ಇಲ್ಲವೇ ಮತದಾನಕ್ಕೆ ಗೈರಾದರೆ. ವಿಪ್ ಮೀರಿದ್ದನ್ನೂ ಪಕ್ಷ 15 ದಿನದೊಳಗೆ ಮನ್ನಿಸಬಹುದು. ಟೀಕೆ, ಹೇಳಿಕೆ, ಪತ್ರಿಕಾಗೋಷ್ಠಿ ಇವ್ಯಾವುದೂ ಅಲ್ಲಿಲ್ಲ.

ಇದನ್ನು ದೇಶಕ್ಕೇ ಸ್ಪಷ್ಟಪಡಿಸಿದ್ದು ನಮ್ಮ ವಿಧಾನಸೌಧದ ಒಂದು ಪ್ರಕರಣ. 2010ರ ಅಕ್ಟೋಬರ್ 6ರಂದು ಬಿಜೆಪಿಯ ಶಾಸಕರ ಒಂದು ಗುಂಪು ರಾಜ್ಯಪಾಲ ಹಂಸರಾಜ್ ಭಾರದ್ವಾಜ್ ಅವರಿಗೆ ಪತ್ರ ಕೊಟ್ಟಿತು. ಬಿ.ಎಸ್. ಯಡಿಯೂರಪ್ಪ ಅವರ ಆಡಳಿತದಲ್ಲಿ ಭ್ರಷ್ಟಾಚಾರ, ಸ್ವಜನಪಕ್ಷಪಾತ ನಡೆದಿದೆ, ಹಾಗಾಗಿ ಬೆಂಬಲ ವಾಪಸ್ ಪಡೆಯುತ್ತಿದ್ದೇವೆ ಎಂದು. ಮರುದಿನವೇ ಸ್ಪೀಕರ್ ಕೆ.ಜಿ. ಬೋಪಯ್ಯ ನೋಟಿಸ್ ಹೊರಡಿಸಿದರು. ಉತ್ತರಿಸಲು ಕೊಟ್ಟ ಗಡುವು 10ರ ಸಂಜೆ 5 ಗಂಟೆ. ಅಂದೇ 11 ಮಂದಿಯನ್ನು ಅನರ್ಹಗೊಳಿಸಿದರು. ಬೆಳಗಾದರೆ ವಿಶ್ವಾಸಮತ.

ಆ ಶಾಸಕರ ಉತ್ತರವನ್ನು ನಮ್ಮ ವೃತ್ತಿಯ ಕಿರಿಯರು ಓದಬೇಕು. ನಾವು ಬಿಜೆಪಿ ಬಿಟ್ಟಿಲ್ಲ, ಈ ಮುಖ್ಯಮಂತ್ರಿಯ ಮೇಲೆ ನಮಗೆ ವಿಶ್ವಾಸವಿಲ್ಲ, ಬೇರೆಯವರ ನೇತೃತ್ವದಲ್ಲಿ ಬಿಜೆಪಿ ಸರ್ಕಾರ ಬಂದರೆ ಬೆಂಬಲಿಸುತ್ತೇವೆ ಎಂಬುದು ಅದರ ತಿರುಳು. ಹೈಕೋರ್ಟ್ ಸ್ಪೀಕರ್ ಆದೇಶವನ್ನು ಎತ್ತಿ ಹಿಡಿಯಿತು. ಆದರೆ 2011ರ ಮೇ 13ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮುಖ್ಯಮಂತ್ರಿಯ ಮೇಲೆ ಅಪನಂಬಿಕೆ ತೋರಿಸಿದ ಮಾತ್ರಕ್ಕೆ ಪಕ್ಷ ಬಿಟ್ಟಂತೆ ಆಗುವುದಿಲ್ಲ, ಸ್ಪೀಕರ್ ತರಾತುರಿಯಲ್ಲಿ ನಡೆದುಕೊಂಡಿದ್ದಾರೆ ಎಂದಿತು. ಸದನದ ನಿಯಮಗಳ ಪ್ರಕಾರ ಉತ್ತರಕ್ಕೆ ಏಳು ದಿನ ಸಿಗಬೇಕಿತ್ತು. ಆ ಶಾಸಕರ ಉದ್ದೇಶ ಎಷ್ಟು ಶುದ್ಧವಾಗಿತ್ತು ಎಂದು ಈಗಲೂ ವಾದಿಸುವವರಿದ್ದಾರೆ. ವಾದಿಸಲಿ. ಅವರಿಂದಾಗಿ ಸಿಕ್ಕ ಆ ತೀರ್ಪು ಪ್ರಾಮಾಣಿಕ ಶಾಸಕನಿಗೂ ರಕ್ಷಣೆ ಕೊಡುತ್ತದೆ, ನನಗೆ ಅದು ಮುಖ್ಯ.

ಗೆರೆ ದಾಟುವುದು ಎಲ್ಲಿ ಅಂದರೆ, ನಡವಳಿಕೆಯಲ್ಲಿ. ರಾಜೀನಾಮೆ ಬರೆದುಕೊಡದೇ ಇದ್ದರೂ ನಡವಳಿಕೆ ನೋಡಿ ಪಕ್ಷ ಬಿಟ್ಟಿದ್ದಾರೆ ಎಂದು ತೀರ್ಮಾನಿಸಬಹುದು ಎಂದು 1994ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಬಿಹಾರದ ಜೆಡಿಯು ಪಕ್ಷದ ಸಂಸದ ಶರದ್ ಯಾದವ್, ತಮ್ಮದೇ ಪಕ್ಷದ ನಿತೀಶ್ ಕುಮಾರ್ ಅವರು ಬಿಜೆಪಿ ಜೊತೆ ಕೈಜೋಡಿಸಿದ್ದನ್ನು ಟೀಕಿಸಿದರು. ಅಷ್ಟಕ್ಕೇ ನಿಲ್ಲದೆ 2017ರ ಆಗಸ್ಟ್‌ನಲ್ಲಿ ಪಟ್ನಾದಲ್ಲಿ ಎದುರಾಳಿ ಪಕ್ಷ ಆರ್‌ಜೆಡಿಯ ರ‍್ಯಾಲಿಯ ವೇದಿಕೆ ಹತ್ತಿದರು. ಡಿಸೆಂಬರ್‌ನಲ್ಲಿ ಅವರ ರಾಜ್ಯಸಭಾ ಸ್ಥಾನ ಹೋಯಿತು. ನನ್ನ ಕಕ್ಷಿದಾರರಿಗೆ ನಾನು ಹೇಳುವುದೂ ಇದನ್ನೇ: ಮಾತಾಡಿ, ಎದುರಾಳಿ ಪಕ್ಷದ ವೇದಿಕೆಗೆ ಮಾತ್ರ ಹೋಗಬೇಡಿ.

ಉಚ್ಚಾಟನೆ ಆದರೆ? 2025ರ ಮಾರ್ಚ್‌ನಲ್ಲಿ ಬಸನಗೌಡ ಪಾಟೀಲ ಯತ್ನಾಳ ಅವರನ್ನು ಬಿಜೆಪಿ ಆರು ವರ್ಷ ಉಚ್ಚಾಟಿಸಿತು. ಅದರಿಂದ ವಿಜಯಪುರದ ಶಾಸಕ ಸ್ಥಾನಕ್ಕೆ ಏನೂ ಆಗಲಿಲ್ಲ. ಉಚ್ಚಾಟನೆ ಅನ್ನುವುದು ಪಕ್ಷ ಮಾಡುವ ಕೆಲಸ, ಶಾಸಕನ ಸ್ವಇಚ್ಛೆ ಅದರಲ್ಲಿಲ್ಲ. ಆದರೆ 1996ರ ಜಿ. ವಿಶ್ವನಾಥನ್ ತೀರ್ಪಿನ ಪ್ರಕಾರ, ಹೊರಹಾಕಿದರೂ ಆತ ಗೆದ್ದ ಪಕ್ಷದವನೇ ಎಂದು ಲೆಕ್ಕ. ಬೇರೆ ಪಕ್ಷ ಸೇರಿದರೆ ಅನರ್ಹ. ಹಾಗಾದರೆ ಉಚ್ಚಾಟಿತರಿಗೆ ವಿಪ್ ಅನ್ವಯಿಸುತ್ತಾ? ಸಮಾಜವಾದಿ ಪಕ್ಷದಿಂದ ಉಚ್ಚಾಟಿತರಾದ ಅಮರ್ ಸಿಂಗ್ ಮತ್ತು ಜಯಪ್ರದಾ ಇದೇ ಪ್ರಶ್ನೆ ಹಿಡಿದು ಸುಪ್ರೀಂ ಕೋರ್ಟ್‌ಗೆ ಹೋಗಿದ್ದರು. 2016ರಲ್ಲಿ ಕೋರ್ಟ್ ಉತ್ತರಿಸದೆ ಬಿಟ್ಟಿತು. ಹೊರಹಾಕಿದ ಪಕ್ಷವೇ ಹೇಗೆ ಮತ ಹಾಕಬೇಕೆಂದು ಹೇಳುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಇಷ್ಟೆಲ್ಲ ರಕ್ಷಣೆ ಇದ್ದೂ ಹೆಚ್ಚಿನವರು ಬಾಯಿ ಬಿಡುವುದಿಲ್ಲ. ಕಾರಣ ಬಿ ಫಾರಂ, ಅಂದರೆ ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಬರೆದುಕೊಡುವ ಪತ್ರ. ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಆ ಕಾಗದ ಚುನಾವಣಾಧಿಕಾರಿಯ ಕೈಗೆ ಸೇರದಿದ್ದರೆ ಪಕ್ಷದ ಚಿಹ್ನೆ ಇಲ್ಲ. ಅದನ್ನು ಯಾಕೆ ಕೊಡಲಿಲ್ಲ ಎಂದು ಯಾವ ಕಾನೂನೂ ಪಕ್ಷವನ್ನು ಕೇಳುವುದಿಲ್ಲ. ಆರು ವರ್ಷದ ಉಚ್ಚಾಟನೆ ಅಂದರೆ ಮುಂದಿನ ವಿಧಾನಸಭಾ ಚುನಾವಣೆ ಕೈತಪ್ಪಿತು ಎಂದೇ ಅರ್ಥ. ಮಂತ್ರಿಯಾಗಿದ್ದರೆ ಪೆಟ್ಟು ಇನ್ನೂ ಬೇಗ ಬೀಳುತ್ತದೆ. ಮತದಾರರ ಪಟ್ಟಿಯಲ್ಲಿ ಅಕ್ರಮ ನಡೆದಿದೆ ಎಂದು ಕಾಂಗ್ರೆಸ್ ದೂರುತ್ತಿದ್ದಾಗ, ಆ ಪಟ್ಟಿ ಸಿದ್ಧವಾದಾಗ ನಮ್ಮದೇ ಸರ್ಕಾರ ಇತ್ತಲ್ಲ ಎಂದು ಆ ಪಕ್ಷದ ಸಚಿವ ಕೆ.ಎನ್. ರಾಜಣ್ಣ ಹೇಳಿದರು. 2025ರ ಆಗಸ್ಟ್ 11ರಂದು ಅವರನ್ನು ಸಂಪುಟದಿಂದ ಕೈಬಿಡಲಾಯಿತು.

ಹಿಂದೆಯೂ ಹೀಗೇ ಇತ್ತು ಅನ್ನಬೇಡಿ. 1957ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ಸಿನ ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಎದ್ದು ನಿಂತು, ಎಲ್‌ಐಸಿಯ ಸುಮಾರು ಒಂದೂಕಾಲು ಕೋಟಿ ರೂಪಾಯಿ ಹರಿದಾಸ್ ಮುಂದ್ರಾ ಅವರ ಕಂಪನಿಗಳಿಗೆ ಯಾಕೆ ಹೋಯಿತು ಎಂದು ಸ್ವಂತ ಸರ್ಕಾರವನ್ನೇ ಕೇಳಿದರು. ಪ್ರಧಾನಿಯಾಗಿದ್ದವರು ಅವರ ಮಾವ ನೆಹರೂ. ಛಾಗ್ಲಾ ಆಯೋಗ ತನಿಖೆ ಮಾಡಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಫಿರೋಜ್ 1960ರಲ್ಲಿ ತೀರಿಕೊಳ್ಳುವವರೆಗೂ ರಾಯ್‌ಬರೇಲಿಯ ಕಾಂಗ್ರೆಸ್ ಸಂಸದರಾಗಿಯೇ ಇದ್ದರು.

ವಿಪ್‌ನ ಹಿಡಿತ ಸರ್ಕಾರದ ಅಳಿವು ಉಳಿವಿನ ಮತಕ್ಕೆ ಮಾತ್ರ ಇರಲಿ ಎಂದು 1990ರಲ್ಲೇ ಚುನಾವಣಾ ಸುಧಾರಣೆಯ ದಿನೇಶ್ ಗೋಸ್ವಾಮಿ ಸಮಿತಿ ಶಿಫಾರಸು ಮಾಡಿತ್ತು. ಯಾವ ಸರ್ಕಾರವೂ ಅದನ್ನು ಜಾರಿ ಮಾಡಲಿಲ್ಲ. ಅದು ಜಾರಿಯಾಗುವವರೆಗೆ, ಮಾತಾಡಲು ಮನಸ್ಸು ಮಾಡಿದ ಶಾಸಕರು ಎರಡು ಕೆಲಸ ಮಾಡಲಿ. ಮೊದಲು ವಿಷಯವನ್ನು ದಾಖಲೆ ಸಮೇತ ಪಕ್ಷದ ಅಧ್ಯಕ್ಷರಿಗೆ ಬರೆದು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಲಿ. ನಾಲ್ಕು ಗೋಡೆಯ ತಕರಾರಿಗೆ ಅದೇ ಉತ್ತರ. ಆಮೇಲೆ ಸದನದಲ್ಲೇ ಎತ್ತಲಿ. ಸಂವಿಧಾನದ 194ನೇ ವಿಧಿಯಿಂದಾಗಿ ಅಲ್ಲಿ ಆಡಿದ ಮಾತಿಗೆ ಯಾರೂ ಮಾನನಷ್ಟದ ಕೇಸು ಹಾಕಲು ಬರುವುದಿಲ್ಲ. ಅದು ಕಡತದಲ್ಲೂ ಉಳಿಯುತ್ತದೆ.