ಹರ್-2 ಪಾಸಿಟಿವ್ ಅಂದರೆ ಏನು?

ಸ್ತನ ಕ್ಯಾನ್ಸರ್‌ನ ಬಯಾಪ್ಸಿ ರಿಪೋರ್ಟ್‌ನಲ್ಲಿ ಇಆರ್, ಪಿಆರ್ (ಹಾರ್ಮೋನ್ ಹಿಡಿಯುವ ಪ್ರೋಟೀನ್‌ಗಳು) ಜೊತೆಗೆ ಹರ್-2 ಎಂಬ ಇನ್ನೊಂದು ಸಾಲು ಇರುತ್ತದೆ. ಅದರ ಮುಂದೆ 0, 1+, 2+, 3+ ಇವುಗಳಲ್ಲಿ ಒಂದು ಅಂಕ. ಗಡ್ಡೆ ಎಷ್ಟು ದೊಡ್ಡದು, ಯಾವ ಸ್ಟೇಜ್ ಅಂತ ಮನೆಯವರು ಕೇಳುತ್ತಾರೆ. ಈ ಸಾಲಿನ ಬಗ್ಗೆಯೂ ಖಂಡಿತ ಕೇಳಬೇಕು. ಯಾವ ಔಷಧಿ ಕೊಡಬೇಕು ಎನ್ನುವುದು ಬಹಳ ಮಟ್ಟಿಗೆ ಇದರ ಮೇಲೆ ನಿಂತಿದೆ.

ಹರ್-2 ಒಂದು ಪ್ರೋಟೀನ್. ನೆಲದಲ್ಲಿ ನೆಟ್ಟ ಗೂಟದ ಹಾಗೆ ಜೀವಕೋಶದ ಪೊರೆಯಲ್ಲಿ ಕೂತಿರುತ್ತದೆ. ಸುಮಾರು ಅರ್ಧ ಹೊರಗೆ, ಉಳಿದದ್ದು ಒಳಗೆ. ಹೊರಗಿನ ಭಾಗ ಪಕ್ಕದಲ್ಲಿರುವ ತನ್ನ ಜಾತಿಯ ಪ್ರೋಟೀನ್ ಜೊತೆ ಜೋಡಿಯಾದರೆ ಒಳಗಿನ ಭಾಗ ಚುರುಕಾಗುತ್ತದೆ. ಬೆಳೆ, ಎರಡಾಗು ಅಂತ ಕೋಶಕ್ಕೆ ಸೂಚನೆ ಹೋಗುತ್ತದೆ.

ಇದು ಎಲ್ಲರ ಮೈಯಲ್ಲೂ ಇರುವಂಥದ್ದೇ. ತೊಂದರೆ ಬರುವುದು ಜಾಸ್ತಿಯಾದಾಗ. 17ನೇ ಕ್ರೋಮೋಸೋಮ್‌ನಲ್ಲಿರುವ ಇದರ ಜೀನ್ ಕೆಲವು ಗಡ್ಡೆಗಳಲ್ಲಿ ಮತ್ತೆ ಮತ್ತೆ ನಕಲಾಗಿಬಿಡುತ್ತದೆ. ಆಗ ಕೋಶದ ಮೈತುಂಬ ಹರ್-2. ಒಂದಕ್ಕೊಂದು ತಾವಾಗಿಯೇ ಜೋಡಿಯಾಗುತ್ತವೆ, ಸೂಚನೆ ನಿಲ್ಲುವುದೇ ಇಲ್ಲ. ಕೋಶಗಳು ಬೇಗ ಬೇಗ ಹೆಚ್ಚುತ್ತವೆ. ಅಕ್ಕಪಕ್ಕದ ಹಿಡಿತ ಬಿಡಿಸಿಕೊಂಡು ಹರಿದಾಡುತ್ತವೆ. ರಕ್ತದ ದಾರಿ ಹಿಡಿದು ಲಿವರ್, ಶ್ವಾಸಕೋಶ, ಮೂಳೆ, ಮೆದುಳು ಸೇರುತ್ತವೆ. ಸ್ತನ ಕ್ಯಾನ್ಸರ್‌ಗಳಲ್ಲಿ ಶೇ 15ರಿಂದ 20ರಷ್ಟು ಈ ಬಗೆಯವು.

ಇಂಥ ಗಡ್ಡೆ ಇದ್ದವರಿಗೆ ಕ್ಯಾನ್ಸರ್ ಬೇಗ ಮರಳುತ್ತದೆ, ಬದುಕುವ ಕಾಲವೂ ಕಡಿಮೆ ಎಂದು 1987ರಲ್ಲಿ ಲಾಸ್ ಏಂಜಲೀಸ್‌ನ ವೈದ್ಯ ಡೆನಿಸ್ ಸ್ಲೇಮನ್ ಮತ್ತು ಜೊತೆಗಾರರು ತೋರಿಸಿದರು. ಆದರೆ ಇಷ್ಟು ಕೆಡುಕು ಮಾಡುವ ಈ ಪ್ರೋಟೀನ್ ಕೋಶದ ಹೊರಗೆ ತಲೆ ಚಾಚಿಕೊಂಡಿದೆ, ಅಲ್ವಾ? ಆ್ಯಂಟಿಬಾಡಿ, ಅಂದರೆ ಗೊತ್ತಾದ ಗುರಿಗೆ ಅಂಟಿಕೊಳ್ಳುವ ಪ್ರೋಟೀನ್, ದೊಡ್ಡ ಅಣು. ಸಲೀಸಾಗಿ ಕೋಶದೊಳಗೆ ನುಗ್ಗಲಾರದು. ಹೊರಗೆ ಕಾಣುವುದನ್ನು ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಟ್ರಾಸ್ಟುಜುಮ್ಯಾಬ್ ಎಂಬ ಆ್ಯಂಟಿಬಾಡಿ ಔಷಧಿ ಹುಟ್ಟಿದ್ದು ಹೀಗೆ. ಇದು ಹರ್-2ಗೆ ಅಂಟಿಕೊಂಡು ಸೂಚನೆಯನ್ನು ತಗ್ಗಿಸುತ್ತದೆ. ಜೊತೆಗೆ, ದೇಹದ ರಕ್ಷಣಾ ಕೋಶಗಳು ಇದರ ಬಾಲವನ್ನು ಗುರುತಿಸಿ ಬಂದು ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತವೆ.

1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಆಗಲೇ ಹರಡಿದ ಕ್ಯಾನ್ಸರ್‌ಗೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಸುದ್ದಿ ಬಂದದ್ದು 2005ರಲ್ಲಿ. ಇನ್ನೂ ಹರಡದ ಹಂತದಲ್ಲೇ, ಆಪರೇಷನ್ ಮತ್ತು ಕೀಮೋ ಜೊತೆ ಇದನ್ನು ಕೊಟ್ಟಾಗ ಕ್ಯಾನ್ಸರ್ ಮರಳುವುದು ಸುಮಾರು ಅರ್ಧಕ್ಕೆ ಇಳಿಯಿತು. ಕಣ್ಣಿಗೆ, ಸ್ಕ್ಯಾನ್‌ಗೆ ಕಾಣದೆ ಅಲ್ಲಲ್ಲಿ ಉಳಿದ ಕೋಶಗಳು ಬೇರೂರುವ ಮೊದಲೇ ಔಷಧಿ ತಲುಪುತ್ತದೆ. ಹರಡುವಿಕೆ ತಡೆಯುವುದು ಅಂದರೆ ಇದೇ.

ಬೆಲೆ ಮಾತ್ರ ನಮ್ಮಲ್ಲಿ ಹೆಚ್ಚಿನವರ ಕೈಗೆ ಎಟಕುತ್ತಿರಲಿಲ್ಲ. ಬೆಂಗಳೂರಿನ ಬಯೋಕಾನ್ ಕಂಪನಿ ಮೈಲಾನ್ ಜೊತೆ ಸೇರಿ ಇದರ ಬಯೋಸಿಮಿಲರ್, ಅಂದರೆ ಮೂಲ ಔಷಧಿಯನ್ನೇ ಹೋಲುವ ಔಷಧಿ, ತಯಾರಿಸಿ 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. 2017ರಲ್ಲಿ ಅಮೆರಿಕ ಒಪ್ಪಿದ ಮೊದಲ ಟ್ರಾಸ್ಟುಜುಮ್ಯಾಬ್ ಬಯೋಸಿಮಿಲರ್ ಕೂಡ ಇವರದೇ. ಇದು ನಿಜಕ್ಕೂ ಹೆಮ್ಮೆಯ ವಿಷಯ.

ಔಷಧಿಗೆ ಮಿತಿಗಳೂ ಇವೆ. ಹೃದಯದ ಸ್ನಾಯುವಿಗೂ ಹರ್-2 ಬೇಕು, ಅದನ್ನು ತಡೆದರೆ ಹೃದಯ ಸೋಲಬಹುದು. ಹಾಗಾಗಿ ಚಿಕಿತ್ಸೆ ನಡೆಯುವಾಗ ಕೆಲವು ತಿಂಗಳಿಗೊಮ್ಮೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸುತ್ತಾರೆ. ಅದನ್ನು ತಪ್ಪಿಸಬಾರದು. ಮೆದುಳಿಗೆ ಈ ದೊಡ್ಡ ಅಣು ಅಷ್ಟಾಗಿ ಹೋಗುವುದಿಲ್ಲ. ಅಲ್ಲಿಗೆ ಹರಡಿದರೆ ಹರ್-2ರ ಒಳಭಾಗವನ್ನು ಹಿಡಿಯುವ ಟುಕಾಟಿನಿಬ್‌ನಂಥ ಮಾತ್ರೆಗಳು ನೆರವಾಗುತ್ತವೆ.

ಇನ್ನು ಅಂಕದ ವಿಷಯ. ಕೋಶದ ಮೇಲೆ ಹರ್-2 ಎಷ್ಟಿದೆ ಎನ್ನುವುದನ್ನು ಇದು ಹೇಳುತ್ತದೆ. 3+ ಬಂದರೆ ಪಾಸಿಟಿವ್. 0, 1+ ನೆಗೆಟಿವ್. 2+ ಬಂದರೆ ಅಷ್ಟಕ್ಕೇ ಹೇಳಲಾಗದು. ಫಿಶ್ ಎಂಬ ಪರೀಕ್ಷೆಯಲ್ಲಿ ಜೀನ್‌ನ ಪ್ರತಿಗಳನ್ನೇ ಎಣಿಸಿ ನೋಡುತ್ತಾರೆ. ಖರ್ಚು ಉಳಿಯಲಿ ಅಂತ ಇದನ್ನು ಬಿಡಬೇಡಿ. ಸಿಗಬೇಕಾದ ಔಷಧಿಯೇ ತಪ್ಪಿಹೋಗಬಹುದು.

ಈಗ ಹರ್-2 ಲೋ ಎಂಬ ಹೊಸ ಮಾತೂ ಕೇಳಿಬರುತ್ತಿದೆ. ಅಂದರೆ 1+, ಅಥವಾ 2+ ಇದ್ದು ಫಿಶ್‌ನಲ್ಲಿ ನೆಗೆಟಿವ್ ಬಂದವರು. ಟ್ರಾಸ್ಟುಜುಮ್ಯಾಬ್‌ಗೆ ಕೀಮೋ ಔಷಧಿ ಕಟ್ಟಿ ಕಳಿಸುವ ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್ ಇಂಥವರಲ್ಲೂ ಕೆಲಸ ಮಾಡುವುದು ಗೊತ್ತಾಗಿ, ಹರಡಿದ ಕ್ಯಾನ್ಸರ್‌ಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹಾಗಾಗಿ ಹಳೆಯ ರಿಪೋರ್ಟ್‌ನಲ್ಲಿ ನೆಗೆಟಿವ್ ಎಂದಷ್ಟೇ ಇದ್ದರೆ ಅಂಕ ಎಷ್ಟಿತ್ತು ಎಂದು ಡಾಕ್ಟರನ್ನು ಕೇಳಿ. ಕ್ಯಾನ್ಸರ್ ಬೇರೆ ಕಡೆ ಕಾಣಿಸಿಕೊಂಡಿದ್ದರೆ, ಸಾಧ್ಯವಾದಲ್ಲಿ ಅಲ್ಲಿಂದಲೂ ಚೂರು ತೆಗೆದು ಹರ್-2 ನೋಡುತ್ತಾರೆ. ಮೊದಲಿನ ಗಡ್ಡೆಗೂ ಹರಡಿದ ಗಡ್ಡೆಗೂ ಅಂಕ ಬೇರೆ ಬೇರೆ ಬರುವುದುಂಟು.